ಹೊಸ್ತಿಲ ಮೇಲೆ ನಿಂಬೆಹಣ್ಣು

ನನ್ನ ಬಾಯಲ್ಲಿ ಈಗ ಹಲ್ಲುಗಳು ಹೆಸರಿಗಷ್ಟೇ ಉಳಿದಿವೆ. ಮೊಮ್ಮಗಳಿಗೆ ಅದೊಂದು ಆಟ. "ಮುತ್ತ್ಯಾ, ಇನ್ನೊಮ್ಮಿ ಅನ್ನು" ಎಂದು ಬೇಕಾದ ಮಾತನ್ನೆಲ್ಲ ನನ್ನಿಂದ ಹೇಳಿಸಿ ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ. ನಾನೂ ನಗುತ್ತೇನೆ. ಜೋಳದ ರೊಟ್ಟಿ ಅಗಿದು, ಕಬ್ಬು ಸಿಗಿದು, ಹೆಂಡತಿಯೊಡನೆ ಜಗಳವಾಡಿ ಸವೆದ ಹಲ್ಲುಗಳು, ಹೋದರೆ ಹೋಗಲಿ. ಆದರೆ ನಕ್ಕು ಮುಗಿದ ಮೇಲೆ ಪ್ರತಿಸಲವೂ ಒಬ್ಬರ ನೆನಪು ಬರುತ್ತದೆ. ಅವರಿಗೆ ಮೂವತ್ತೂ ತುಂಬಿರಲಿಲ್ಲ. ಕಮಲಾಪುರದ ಹತ್ತಿರದ ಒಂದು ವಾಡೆಯ ಅಂಗಳದಲ್ಲಿ, ಹಾಡಹಗಲು, ಅವರ ಮುಂದಿನ ಹಲ್ಲುಗಳನ್ನು ಕಿತ್ತರು. ಕಿತ್ತವರು ನಮ್ಮ ಮಂದಿಯೇ.

ಅವರು ಮೈಸೂರು ಸೀಮೆಯಿಂದ ನಮ್ಮ ಕಲಬುರ್ಗಿಗೆ ಕನ್ನಡ ಕಲಿಸಲು ಬಂದಿದ್ದ ಮಾಸ್ತರರು. ಊರೆಲ್ಲ ಅವರನ್ನು ಮೈಸೂರು ಮಾಸ್ತರರು ಎಂದೇ ಕರೆಯುತ್ತಿತ್ತು. ಹೆಸರನ್ನು ನಾನು ಬರೆಯುವುದಿಲ್ಲ. ನಡೆದದ್ದು ತಮ್ಮ ಕಡೆಯವರಿಗೆ ಎಂದೂ ತಿಳಿಯಬಾರದೆಂದು ಅವರು ನನ್ನ ಕೈ ಹಿಡಿದು ಕೇಳಿಕೊಂಡಿದ್ದರು.

ಅದು ನಿಜಾಮರ ಆಳ್ವಿಕೆಯ ಕಾಲ. ಸರಕಾರಿ ಶಾಲೆಯಲ್ಲಿ ಎಲ್ಲವೂ ಉರ್ದುವಿನಲ್ಲಿ. ನಾನು ಕಲಿತದ್ದೂ ಉರ್ದುವಿನಲ್ಲೇ. ಮನೆಯಲ್ಲಿ ಕನ್ನಡದಲ್ಲಿ ಉಂಡು, ಕನ್ನಡದಲ್ಲಿ ಬೈಸಿಕೊಂಡು, ರುಜು ಮಾತ್ರ ಉರ್ದುವಿನಲ್ಲಿ ಹಾಕುವವನು. ಊರಿನ ನಾಲ್ಕು ಜನ ಹಿರಿಯರು ಸೇರಿ ಶರಣಬಸವೇಶ್ವರ ಗುಡಿಯ ಆಚೆ ಓಣಿಯಲ್ಲಿ ಒಂದು ಖಾಸಗಿ ಕನ್ನಡ ಶಾಲೆ ತೆರೆದರು. ಲೆಕ್ಕ ಹೇಳಲು ನಾನು ಸಿಕ್ಕೆ. ಕನ್ನಡ ಹೇಳುವವರು ಊರಲ್ಲಿ ಸಿಗಲಿಲ್ಲ. ಕಲಬುರ್ಗಿಯ ಮಕ್ಕಳಿಗೆ ಕನ್ನಡ ಕಲಿಸಲು ಬೇರೆ ರಾಜ್ಯದಿಂದ ಆಳು ತರಿಸಬೇಕಾಯಿತೆಂದರೆ ಇಂದಿನವರು ನಂಬುವುದಿಲ್ಲ.

ಅವರು ಮೊದಲ ದಿನ ತರಗತಿಯಲ್ಲಿ ಮಾತಾಡಿದ್ದನ್ನು ನಾನು ಪಕ್ಕದ ಕೋಣೆಯಿಂದ ಕೇಳಿದೆ. ಒಂದೊಂದು ಅಕ್ಷರವೂ ತೊಳೆದಿಟ್ಟ ಹಾಗೆ ಬರುತ್ತಿತ್ತು. ಅದನ್ನು ಕೇಳಿದ ಮೇಲೆ ನಾನು ಇಷ್ಟು ದಿನ ಆಡುತ್ತಿದ್ದುದು ಕನ್ನಡವೋ ಜಗಳವೋ ಎಂದು ನನಗೇ ಅನುಮಾನ ಬಂತು. ಕೊಡ ಹೊತ್ತು ಹೊರಟ ಹೆಣ್ಣುಮಕ್ಕಳು ಕಿಟಕಿಯ ಕೆಳಗೆ ನಿಂತುಬಿಡುತ್ತಿದ್ದರು. "ಏನ್ ಚಂದ ಮಾತಾಡ್ತಾರವ್ವ, ಬೈದ್ರೂ ಬೈಸ್ಕೋಬೇಕು ಅನಸ್ತದ" ಎಂದು ಒಬ್ಬಾಕೆ ಅಂದದ್ದು ಓಣಿಯ ತುಂಬ ಹಬ್ಬಿತು.

ಉಳಿದ ವಿಷಯದಲ್ಲಿ ಮನುಷ್ಯ ಕೈಲಾಗದವರು. ಅಕ್ಷರ ಬರೆದರೆ ಕೋಳಿ ಕಾಲು ಕೆದರಿದಂತೆ. ಲೆಕ್ಕ ಬಾರದು. ನಮ್ಮ ಹಿತ್ತಲ ಕೋಣೆಯಲ್ಲಿ ಬಿಡಾರ ಹೂಡಿ, ಅಲ್ಲಿ ಒಲೆ ಹೊತ್ತಿಸಲು ಹೋಗಿ ಧೋತರದ ಅಂಚು ಸುಟ್ಟುಕೊಂಡ ಮೇಲೆ ನನ್ನ ಹೆಂಡತಿ ಅವರ ಊಟವನ್ನು ನಮ್ಮ ಮನೆಯಲ್ಲೇ ಗೊತ್ತುಮಾಡಿದಳು. ಅದನ್ನು ಹೇಳಿ ನಾನು ಕಾಡಿದರೆ ಅವರು ಸುಮ್ಮನೆ ನಗುತ್ತಿದ್ದರು. ಒಂದು ದಿನ ಮಾತ್ರ ನಗದೆ ಹೇಳಿದರು: "ನನಗೆ ಇರೋದು ನಾಲಿಗೆ ಒಂದೇ ಕಣ್ರೀ ಮೇಷ್ಟ್ರೇ. ಊರಲ್ಲಿ ಅಮ್ಮ ಒಬ್ಬಳೇ ಇದ್ದಾಳೆ. ಈ ನಾಲಿಗೆ ಆಡೋವರೆಗೆ ಅವಳಿಗೂ ಅನ್ನ, ನನಗೂ ಅನ್ನ."

ಅವರು ನನ್ನನ್ನು 'ಮೇಷ್ಟ್ರೇ' ಎನ್ನುತ್ತಿದ್ದರು, ನಾನು ಅವರನ್ನು 'ಮಾಸ್ತರ' ಎನ್ನುತ್ತಿದ್ದೆ. ಒಬ್ಬರ ಮಾತು ಇನ್ನೊಬ್ಬರಿಗೆ ಹತ್ತುತ್ತಿರಲಿಲ್ಲ ಅಂತಲ್ಲ, ಆದರೆ ಅವರು ನಮ್ಮ ಊರನ್ನು ಪರದೇಶ ಎಂದೇ ಕರೆಯುತ್ತಿದ್ದರು. "ನಾಣ್ಯ ಬೇರೆ, ತಿಂಗಳ ಹೆಸರು ಬೇರೆ, ರಜಾ ದಿನವೂ ಬೇರೆ. ಇನ್ನು ಪರದೇಶ ಅಂದರೆ ಏನ್ರೀ?" ಶುಕ್ರವಾರ ರಜೆ ಎಂಬುದು ಅವರ ತಲೆಗೆ ಹೋಗಲು ಬಹಳ ದಿನ ಬೇಕಾಯಿತು. ಒಂದು ಭಾನುವಾರ ಮಕ್ಕಳೆಲ್ಲ ತರಗತಿಯಲ್ಲಿ ಕಾಯುತ್ತಿದ್ದರೆ ಇವರು ಮೈಗೆಲ್ಲ ಎಣ್ಣೆ ಹಚ್ಚಿಕೊಂಡು ನಮ್ಮ ಹಿತ್ತಲಲ್ಲಿ ಕೂತಿದ್ದರು. ನಾನು ಹೋಗಿ ಎಬ್ಬಿಸಿದಾಗ ಹಾಗೆಯೇ ಅಂಗಿ ತೊಟ್ಟು ಓಡಿದರು. ಆ ಅಂಗಿಯ ಎಣ್ಣೆ ಕಲೆ ಕೊನೆಯವರೆಗೂ ಹೋಗಲಿಲ್ಲ.

ಬಂದ ಮೊದಲ ಮುಂಜಾನೆ ನಮ್ಮ ಅಡಿಗೆಮನೆಯಿಂದ ಪಟಪಟ ಸದ್ದು ಕೇಳಿ, ಯಾರೋ ಯಾರನ್ನೋ ಹೊಡೆಯುತ್ತಿದ್ದಾರೆಂದು ಗಾಬರಿಯಿಂದ ಎದ್ದು ಬಂದಿದ್ದರು. ನನ್ನ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ಆಮೇಲೆ ಆ ಸದ್ದು ಕೇಳದೆ ಅವರಿಗೆ ಎಚ್ಚರವೇ ಆಗುತ್ತಿರಲಿಲ್ಲ. ಊರಿನ ದೊಡ್ಡ ದರ್ಗಾ ಇರುವ ರೋಜಾದ ಉರುಸಿಗೆ ನಾನು ಕರೆದಾಗ ಬಹಳ ಹಿಂದೆಮುಂದೆ ನೋಡಿದರು. ಕೊನೆಗೆ ಬಂದವರು, ವಿಭೂತಿ ಹಚ್ಚಿದ ನಮ್ಮ ಓಣಿಯ ಮುದುಕಿಯರು ಸಕ್ಕರೆ ಹಿಡಿದು ದರ್ಗಾದ ಮುಂದೆ ಸಾಲು ನಿಂತಿದ್ದನ್ನು ಕಂಡು ಬೆರಗಾದರು. ವಾಪಸಾಗುವಾಗ ಅವರ ರುಮಾಲಿನಲ್ಲಿ ಗುಲಾಬಿಯ ಎಸಳು ಸಿಕ್ಕಿಕೊಂಡಿತ್ತು. ಅದನ್ನು ತೆಗೆದು ಮೂಸಿ ನೋಡಿ, "ಮೇಷ್ಟ್ರೇ, ನಿಮ್ಮ ಜನ ಯಾರಿಗೂ ಹೆದರೋಲ್ಲ ಅಲ್ವೇ?" ಎಂದರು. ನಮ್ಮ ಜನ ಹೆದರುವುದು ಯಾವುದಕ್ಕೆ ಎಂಬುದು ಅವರಿಗೆ ಆಗ ಗೊತ್ತಿರಲಿಲ್ಲ. ನನಗೂ ಹೇಳಬೇಕೆಂದು ಹೊಳೆಯಲಿಲ್ಲ. ಮನೆಯಲ್ಲಿ ಹುಟ್ಟಿ ಬೆಳೆದವನಿಗೆ ಮನೆಯ ಕತ್ತಲೆ ಕಾಣುವುದಿಲ್ಲ.

ಅವರಿಗೊಂದು ಅಭ್ಯಾಸವಿತ್ತು. ಮರುದಿನದ ಪಾಠವನ್ನು ಬಾಯಲ್ಲೇ ಗುಣಗುಣಿಸುತ್ತ ನಡೆಯುವರು. ಕೆರೆಯ ದಂಡೆಯಲ್ಲಿ, ಸಂತೆಯಲ್ಲಿ, ಎಲ್ಲಿ ಹೋದರೂ ತುಟಿ ಅಲ್ಲಾಡುತ್ತಿತ್ತು. ಓಣಿಯ ಜನ ಅದನ್ನು ಕಂಡು ನಗುತ್ತಿದ್ದರು, ಅಷ್ಟೇ.

ಶಾಲೆ ನಡೆಯುತ್ತಿದ್ದ ಮನೆ ಕಮಲಾಪುರದ ಕಡೆಯ ಒಬ್ಬ ಗೌಡರದು. ಬಾಡಿಗೆ ಕೇಳದೆ ಬಿಟ್ಟುಕೊಟ್ಟಿದ್ದರು. ಅಂಥವರನ್ನು ಒಮ್ಮೆಯಾದರೂ ಕಂಡು ಕೈಮುಗಿಯದೆ ಇರುವುದು ಮರ್ಯಾದೆಯಲ್ಲ ಎಂದು ಮಾಸ್ತರರು ಹಟ ಹಿಡಿದರು. ಬಂಡಿ ಕಟ್ಟಿಸಿಕೊಂಡು ಹೊರಟೆವು. ದಾರಿಯುದ್ದಕ್ಕೂ ಬಿಸಿಲು, ಕರಿಮಣ್ಣು, ತೊಗರಿ ಹೊಲ. ಕಮಲಾಪುರ ಸಮೀಪಿಸಿ ಬಾಳೆ ತೋಟಗಳು ಕಂಡಾಗ ಅವರು ಬಂಡಿಯಿಂದ ಇಳಿದೇಬಿಟ್ಟರು. ತೋಟದವನು ಕೊಟ್ಟ ಕೆಂಪು ಬಾಳೆಹಣ್ಣನ್ನು ತಿನ್ನುತ್ತ, "ಈ ಸೀಮೆಗೆ ಬಂದ ಮೇಲೆ ಇವತ್ತು ಮೊದಲನೇ ಸಲ ಮನೆಗೆ ಹೋದ ಹಾಗಿದೆ" ಎಂದರು. ಆ ಮುಖದ ಖುಷಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಗೌಡರು ಒಳ್ಳೆಯ ಮನುಷ್ಯರು. ಫಾರಸಿ ಓದಿದವರು, ಮಾತು ಕಡಿಮೆ. ಪಡಸಾಲೆಯಲ್ಲಿ ಗಾದಿ ಹಾಸಿ ಕೂರಿಸಿದರು. ಆಳು ನನ್ನ ಕೈಗೆ ನೀರಿನ ತಂಬಿಗೆ ಕೊಡುತ್ತಿದ್ದ. ಅಷ್ಟರಲ್ಲಿ ಮಾಸ್ತರರು ಅಂಗಿಯ ಜೇಬಿನಿಂದ ಒಂದು ನಿಂಬೆಹಣ್ಣು ತೆಗೆದು, ಎರಡೂ ಕೈಯಲ್ಲಿ ಹಿಡಿದು, ಬಾಗಿ ಗೌಡರ ಮುಂದೆ ನೀಡಿದರು. ಗೌಡರ ಕೈ ಅರ್ಧಕ್ಕೇ ನಿಂತಿತು, ಹಣ್ಣು ಗಾದಿಯ ಮೇಲೆ ಉಳಿಯಿತು. ಒಳಬಾಗಿಲ ಮರೆಯಲ್ಲಿ ಬಳೆಯ ಸದ್ದಾಯಿತು. ಮನೆಯ ಹೆಣ್ಣುಮಕ್ಕಳು ನಿಂತಿದ್ದಾರೆಂದು ತಿಳಿದ ಮಾಸ್ತರರು ಇನ್ನೊಂದು ಹಣ್ಣು ತೆಗೆದರು. ಹೆಂಗಸರ ಕೈಗೆ ನೇರ ಕೊಡುವುದು ಸರಿಯಲ್ಲವೆಂದು, ಅದನ್ನು ಒಳಬಾಗಿಲ ಹೊಸ್ತಿಲ ಮೇಲೆ ಮೆಲ್ಲಗೆ ಇಟ್ಟು, ಕಣ್ಣುಮುಚ್ಚಿ ಕೈಮುಗಿದರು. ಮನೆ ತಂಪಾಗಿರಲಿ ಎಂದೋ ಏನೋ, ತುಟಿಯಲ್ಲೇ ಅಂದುಕೊಂಡರು.

ನಾನು ತಂಬಿಗೆಯನ್ನು ಕೆಳಗಿಟ್ಟೆ. ದೊಡ್ಡವರನ್ನು ಕಾಣಲು ಹೋದಾಗ ನಿಂಬೆಹಣ್ಣು ಕೊಡುವುದು ಮೈಸೂರಿನ ಕಡೆ ಗೌರವ. ನಮ್ಮ ಕಡೆ ಪರರ ಮನೆಯ ಹೊಸ್ತಿಲ ಮೇಲೆ ನಿಂಬೆಹಣ್ಣು ಇಟ್ಟು ಬಾಯಲ್ಲಿ ಏನಾದರೂ ಅಂದರೆ ಅದಕ್ಕೆ ಒಂದೇ ಅರ್ಥ, ಭಾನಾಮತಿ. ಮಾಟದಲ್ಲೆಲ್ಲ ಕೆಟ್ಟ ಮಾಟ. ಅದು ಹೊಕ್ಕ ಮನೆಯಲ್ಲಿ ಪೆಟ್ಟಿಗೆಯೊಳಗಿನ ಸೀರೆ ತಾನಾಗಿ ಉರಿಯುತ್ತದೆ, ಮಾಳಿಗೆಯ ಮೇಲೆ ಕಲ್ಲು ಬೀಳುತ್ತವೆ, ಹೆಣ್ಣುಮಕ್ಕಳು ಮೈಯೆಲ್ಲ ಗೀರಿಕೊಂಡು ನಾಯಿಯಂತೆ ಬೊಗಳುತ್ತಾರೆ ಎಂದು ನಮ್ಮ ಜನ ನಂಬುತ್ತಾರೆ. ಮಾಡಿದವನ ಹಲ್ಲು ಕಿತ್ತರೆ ಮಂತ್ರದ ಅಕ್ಷರ ಸರಿಯಾಗಿ ಹೊರಡುವುದಿಲ್ಲ, ಆಗ ಭಾನಾಮತಿ ಬಿಡುತ್ತದೆ ಎಂದೂ ನಂಬುತ್ತಾರೆ.

ನಾನು ಎದ್ದು ಹೇಳಿದೆ: "ಗೌಡ್ರ, ಅವರ ಕಡಿ ಹಿಂಗ ಪದ್ಧತಿ ಅದರೀ. ಬರಿಗೈಲೆ ದೊಡ್ಡವರ ಮುಂದ ಹೋಗಬಾರ್ದಂತ. ಬ್ಯಾರೆ ಏನೂ ಇಲ್ರೀ."

ಗೌಡರು ಹೊಸ್ತಿಲನ್ನೇ ನೋಡುತ್ತ ಹೇಳಿದರು: "ನನಗ ತಿಳೀತದ ಮಾಸ್ತರ. ಮನಿ ಮಂದಿಗಿ ತಿಳೀಬೇಕಲ್ಲ."

ಹೆಣ್ಣುಮಕ್ಕಳು ಆ ಹೊಸ್ತಿಲು ದಾಟಲಿಲ್ಲ. ಆಳು ಒಲೆಯ ಇಕ್ಕಳ ತಂದು ಎರಡೂ ಹಣ್ಣುಗಳನ್ನು ಹಿಡಿದು ಹೊರಗೆ ಒಯ್ದ. ಬಂಡಿ ಹತ್ತಿದ ಮೇಲೆ ನಾನು ಮಾಸ್ತರರಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಮೊದಲು ನಕ್ಕರು. ನಾನು ನಗದಿದ್ದುದನ್ನು ನೋಡಿ ಅವರ ಮುಖ ಬಿಳಿಚಿಕೊಂಡಿತು. "ಹಿಂದಕ್ಕೆ ಹೋಗಿ ಕಾಲಿಗೆ ಬೀಳಲೇ?" ಎಂದು ಕೇಳಿದರು. ಬೇಡ, ಗೌಡರು ತಿಳಿದವರು ಎಂದೆ. ಅಂದು ಅದೇ ಸರಿಯೆಂದು ನನಗೆ ಅನ್ನಿಸಿತ್ತು, ಇಂದಿಗೂ ಬೇರೆ ದಾರಿ ಕಾಣುವುದಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಸುದ್ದಿ ಬಂತು. ಗೌಡರ ಕಿರಿಸೊಸೆಯ ಸೀರೆಗಳು ಪೆಟ್ಟಿಗೆಯಲ್ಲಿ ಉರಿದವಂತೆ. ಆಕೆ ಊಟ ಬಿಟ್ಟಿದ್ದಾಳಂತೆ, ಮೈಮೇಲೆ ಗೀರು ಮೂಡುತ್ತವಂತೆ. ಮದುವೆಯಾಗಿ ಬಂದು ವರ್ಷವೂ ಆಗಿರದ ಹುಡುಗಿ, ಹದಿನಾಲ್ಕೋ ಹದಿನೈದೋ. ಅವಳಿಗೆ ಆ ಮನೆಯಲ್ಲಿ ಏನು ಸಂಕಟವಿತ್ತೋ, ಯಾರೂ ಕೇಳಲಿಲ್ಲ. ನಿಂಬೆಹಣ್ಣು ಇಟ್ಟುಹೋದವನು ಯಾರು ಎಂದು ಮಾತ್ರ ಎಲ್ಲರೂ ಕೇಳಿದರು. ಸದಾ ಬಾಯಲ್ಲಿ ಏನೋ ಮಣಮಣ ಅನ್ನುವ ಪರದೇಶಿ ಎಂದು ನಮ್ಮ ಓಣಿಯಿಂದಲೇ ಯಾರೋ ಸುದ್ದಿ ಮುಟ್ಟಿಸಿದರು.

ಶಾಲೆಯ ಮುಂದೆ ಬಂಡಿ ಬಂದು ನಿಂತಿತು. ಗೌಡರು ಕರೆಯುತ್ತಾರೆ ಎಂದ ಬಂಡಿಯವನು. ನಾನು ನೊಗ ಹಿಡಿದುಕೊಂಡು ನಿಂತೆ.

"ಹೋಗಬ್ಯಾಡ್ರಿ ಮಾಸ್ತರ. ಇವತ್ತೇ ರೈಲ್ ಹತ್ರಿ. ನಾ ಸ್ಟೇಷನ್‌ಕ್ಕ ಬರ್ತೀನಿ."

"ಓಡಿ ಹೋದರೆ ಮಾಡಿದ್ದು ನಾನೇ ಅಂತ ಆಗುತ್ತಲ್ಲ ಮೇಷ್ಟ್ರೇ. ಶಾಲೆ ಮನೆ ಅವರದು. ನಾಳೆ ಮಕ್ಕಳು ಎಲ್ಲಿ ಕೂರ್ತಾರೆ?"

"ಮಕ್ಕಳು ಗಿಡದ ಕೆಳಗ ಕೂಡ್ತಾರ. ನಿಮಗ ನಮ್ಮ ಮಂದಿ ತಿಳಿದಿಲ್ರಿ."

"ಮಾತಾಡಿ ತಿಳಿಸ್ತೀನಿ. ನಮ್ಮದೂ ಕನ್ನಡ, ಅವರದೂ ಕನ್ನಡ. ಅಷ್ಟೂ ತಿಳಿಯೋಲ್ಲವೇ?"

ನಾನೂ ಬಂಡಿ ಹತ್ತಿದೆ. ದಾರಿಯಲ್ಲಿ ಅವರು ಏನು ಹೇಳಬೇಕೆಂದು ಗುಣಗುಣಿಸುತ್ತ ಕೂತಿದ್ದರು. ಬಂಡಿಯವನು ಅದನ್ನು ನೋಡಿ ಎತ್ತುಗಳನ್ನು ಇನ್ನೂ ಜೋರಾಗಿ ಓಡಿಸಿದ. ಬಾಯಿ ಮುಚ್ಚಿಕೊಳ್ಳಿ ಎಂದು ನಾನು ಅವರ ತೊಡೆ ಹಿಂಡಿದೆ.

ಗೌಡರ ವಾಡೆಯ ಅಂಗಳದಲ್ಲಿ ಊರೇ ಸೇರಿತ್ತು. ಗೌಡರು ಕಟ್ಟೆಯ ಮೇಲೆ ಗೋಡೆಗೆ ಮುಖ ಮಾಡಿ ಕೂತಿದ್ದರು. ಮಾಸ್ತರರು ರುಮಾಲು ಸರಿಮಾಡಿಕೊಂಡು, ತರಗತಿಯಲ್ಲಿ ನಿಂತ ಹಾಗೆ ನಿಂತು ಮಾತಾಡಿದರು. "ಸ್ವಾಮಿ, ನಾನು ಮಂತ್ರ ಹೇಳೋನಲ್ಲ, ಮಕ್ಕಳಿಗೆ ಅಕ್ಷರ ಹೇಳೋನು. ನಮ್ಮ ಕಡೆ ನಿಂಬೆಹಣ್ಣು ಕೊಡೋದು ಮರ್ಯಾದೆ. ನಿಮ್ಮ ಸೊಸೆ ನನಗೆ ತಂಗಿಯ ಸಮಾನ. ಅವಳು ಚೆನ್ನಾಗಿರಲಿ ಅಂತಲೇ ಕೈಮುಗಿದೆ." ಅಷ್ಟು ಚಂದದ ಕನ್ನಡವನ್ನು ಆ ಅಂಗಳ ಎಂದೂ ಕೇಳಿರಲಿಲ್ಲ. ಒಂದು ಅಕ್ಷರ ತೊದಲಲಿಲ್ಲ, ಒಂದು ಸ್ವರ ಜಾರಲಿಲ್ಲ. ಅವರು ಸ್ಪಷ್ಟವಾಗಿ ಹೇಳಿದಷ್ಟೂ ಜನ ಹಿಂದಹಿಂದಕ್ಕೆ ಸರಿದರು. ತಾಯಂದಿರು ಮಕ್ಕಳ ಕಿವಿ ಮುಚ್ಚಿದರು.

"ಕೇಳ್ರಿ, ಕೇಳ್ರಿ" ಎಂದ ಒಬ್ಬ ಮುದುಕ. "ಒಂದ ಅಕ್ಷರ ತಪ್ಪವಲ್ದು. ಇಂಥಾ ನಾಲಿಗಿಲೆ ಅಂದ ಮಂತ್ರ ಹತ್ತದ ಬಿಡ್ತದೇನು?"

ಮಾಸ್ತರರಿಗೆ ಆಗ ಅರ್ಥವಾಯಿತು. ತೊದಲಿದ್ದರೆ ಉಳಿಯುತ್ತಿದ್ದರೇನೋ. ಅವರಿಗೆ ತೊದಲಲು ಬರುತ್ತಿರಲಿಲ್ಲ. ನನ್ನ ಕಡೆ ತಿರುಗಿ ನೋಡಿದರು.

ನನ್ನನ್ನು ಮೂವರು ಹಿಡಿದರು. ನಾನು ಒದ್ದೆ, ಬೈದೆ, ಗೌಡರಿಗೆ ಅವರ ತಾಯಿಯ ಆಣೆ ಹಾಕಿದೆ. ಗೌಡರು ಗೋಡೆಯ ಕಡೆಯಿಂದ ಮುಖ ತಿರುಗಿಸಲಿಲ್ಲ. ಮುಂದಿನದನ್ನು ನಾನು ಬರೆಯಲಾರೆ.

ಭಾನಾಮತಿ ಬಿಡಲಿಲ್ಲ. ಆ ಹುಡುಗಿಯನ್ನು ದೀಪಾವಳಿಗೆ ತವರಿಗೆ ಕಳಿಸಿದರು. ಅಲ್ಲಿ ಅವಳು ಉಂಡುತಿಂದು ಚೆನ್ನಾಗಿಯೇ ಇದ್ದಳು, ಮತ್ತೆ ಬರಲೊಲ್ಲೆ ಎಂದಳು. ಅಲ್ಲಿಗೆ ಸೀರೆಗಳು ಉರಿಯುವುದು ನಿಂತಿತು. ಅದಕ್ಕೂ ಹಲ್ಲು ಕಿತ್ತದ್ದೇ ಕಾರಣ, ತಡವಾಗಿ ಹತ್ತಿತು ಎಂದು ಜನ ಹೇಳಿದರು. ನಮ್ಮ ಜನ ಕೆಟ್ಟವರಾಗಿದ್ದರೆ ನನಗೆ ಸುಲಭವಿತ್ತು, ಒಂದು ಸಲ ಶಪಿಸಿ ಸುಮ್ಮನಾಗುತ್ತಿದ್ದೆ. ನಾವು ವಾಪಸಾಗುವಾಗ ಅದೇ ಜನ ಮಾಸ್ತರರ ಗಾಯಕ್ಕೆ ಅರಿಶಿನ ತಂದುಕೊಟ್ಟರು, ಕುಲುಕಾಟ ತಟ್ಟದಿರಲೆಂದು ಬಂಡಿಯಲ್ಲಿ ಹುಲ್ಲು ಹಾಸಿದರು.

ಕಲಬುರ್ಗಿಯಲ್ಲಿ ನನ್ನ ಹೆಂಡತಿ ಅವರಿಗೆ ಅಂಬಲಿ, ಮಜ್ಜಿಗೆ ಕುಡಿಸಿದಳು. "ಯಪ್ಪಾ, ನಮ್ಮೂರಿಗಿ ಯಾಕ್ ಬಂದ್ಯೋ" ಎಂದು ಒಲೆಯ ಮುಂದೆ ಕೂತು ಅಳುತ್ತಿದ್ದಳು. ನಾನು ಪೊಲೀಸ್ ಅಮೀನನ ಬಳಿಗೆ ಹೋದೆ. ಸಾಕ್ಷಿ ಯಾರು ಎಂದ. ನಾನು ಎಂದೆ. ಇನ್ನೊಬ್ಬರು ಯಾರು ಎಂದ. ಇನ್ನೊಬ್ಬರು ಇರಲಿಲ್ಲ. ವಿಷಯ ತಿಳಿದು ಮಾಸ್ತರರು ನನ್ನ ಎರಡೂ ಕೈ ಹಿಡಿದುಕೊಂಡರು. ಬಾಯಿಗೆ ವಸ್ತ್ರ ಅಡ್ಡ ಹಿಡಿದು, ಬಹಳ ಕಷ್ಟಪಟ್ಟು ಹೇಳಿದ್ದು ಇಷ್ಟೇ: ಸುದ್ದಿ ಊರಿಗೆ ಹೋಗುತ್ತದೆ, ಅಮ್ಮನಿಗೆ ತಿಳಿಯುತ್ತದೆ, ಬೇಡ.

ಅವರು ಆಡಿದ ಮಾತು ನನಗೆ ಎರಡು ಸಲ ಕೇಳಿದ ಮೇಲೆ ತಿಳಿಯಿತು. ಅದು ಅವರಿಗೂ ತಿಳಿಯಿತು.

ಶಾಲೆಯ ಹಿರಿಯರು ಬಂದು ಕೂತು, ಸ್ವಲ್ಪ ದಿನ ವಿಶ್ರಾಂತಿ ತಗೊಳ್ಳಿ, ಮುಂದೆ ನೋಡೋಣ ಎಂದರು. ಮುಂದೆ ನೋಡೋಣ ಎಂದರೆ ಏನೆಂದು ಅವರಿಗೂ ಗೊತ್ತು, ನಮಗೂ ಗೊತ್ತು. ಮಾಸ್ತರರು ಅವರ ಮುಂದೆ ಕೈಮುಗಿದು, ಒಂದು ಸಲ ತರಗತಿಗೆ ಹೋಗಲು ಬಿಡಿ, ಆಗುತ್ತದೋ ಇಲ್ಲವೋ ನಾನೇ ಹೇಳುತ್ತೇನೆ ಎಂದು ಕೇಳಿಕೊಂಡರು. ಹಿರಿಯರು ತಲೆ ತಗ್ಗಿಸಿ ಒಪ್ಪಿದರು. ಮರುದಿನ ಸಂಜೆಯ ರೈಲಿಗೆ ಮಾಸ್ತರರು ವಾಡಿ ಜಂಕ್ಷನ್ನಿನ ಕಡೆ ಹೊರಟುಹೋದರು. ಮುಂದೆ ಎಲ್ಲಿ ಇಳಿದರೋ, ಯಾರ ಮನೆಯಲ್ಲಿ ಯಾವ ಕೆಲಸ ಮಾಡಿ ತಾಯಿಗೆ ಅನ್ನ ಹಾಕಿದರೋ, ನನಗೆ ತಿಳಿಯಲಿಲ್ಲ. ಬದುಕಿದ್ದಾರೋ ಇಲ್ಲವೋ ಅದೂ ತಿಳಿಯದು. ಹೊರಡುವ ದಿನದ ಬೆಳಿಗ್ಗೆಯೊಂದು ಹೇಳಿ ಮುಗಿಸುತ್ತೇನೆ.

ಅಂದು ಅವರು ಒಗೆದ ಅಂಗಿ ತೊಟ್ಟು ತರಗತಿಗೆ ಹೋದರು. ನಾನು ಬಾಗಿಲ ಹೊರಗೆ ನಿಂತೆ. ಮಕ್ಕಳಿಗೆ ಮನೆಯಲ್ಲಿ ಹೇಳಿ ಕಳಿಸಿದ್ದರೆಂದು ಕಾಣುತ್ತದೆ, ಒಬ್ಬರೂ ನಗಲಿಲ್ಲ, ಒಬ್ಬರೂ ಪಿಸುಗುಟ್ಟಲಿಲ್ಲ. ಎದ್ದು ಶರಣು ಎಂದು ಕೂತರು. ಆಗಿನ ಶಾಲೆಗಳಲ್ಲಿ ಮಾಸ್ತರ ಅಂದದ್ದನ್ನು ಮಕ್ಕಳು ಒಟ್ಟಾಗಿ ಅನ್ನುವುದೇ ಪಾಠ. ಅವರು ವಸ್ತ್ರ ತೆಗೆದು, ಬಾಯಿ ತೆರೆದು, 'ತಂದೆ' ಎಂದರು. ಗಾಳಿ ಬಂತು, ಅಕ್ಷರ ಬರಲಿಲ್ಲ.

ಮಕ್ಕಳು ಒಟ್ಟಾಗಿ ಹಾಗೆಯೇ ಅಂದರು. ಅದೇ ಗಾಳಿ, ಅದೇ ಸಿಳ್ಳು. ಅಣಕಿಸಲಿಲ್ಲ, ಅವರು ಮಾಸ್ತರರ ಮೇಲೆ ಜೀವ ಇಟ್ಟಿದ್ದ ಮಕ್ಕಳು. ಮಾಸ್ತರರು ಹೇಳಿದ್ದು ತಪ್ಪಿರಬಹುದೆಂದು ಮಕ್ಕಳಿಗೆ ಹೊಳೆಯಲೇ ಇಲ್ಲ. ಮುಂದಿನ ಸಾಲಿನಲ್ಲಿದ್ದ ಒಂದು ಸಣ್ಣ ಹುಡುಗಿ ಸರಿಯಾಗಿ ಬರಲೆಂದು ತುಟಿಯನ್ನು ಒಳಗೆಳೆದುಕೊಂಡು ಮತ್ತೆಮತ್ತೆ ಪ್ರಯತ್ನಿಸುತ್ತಿದ್ದಳು.

ಮಾಸ್ತರರು ಇನ್ನೊಮ್ಮೆ ಹೇಳಿದರು. ಮಕ್ಕಳು ಇನ್ನೊಮ್ಮೆ ಹಾಗೆಯೇ ಅಂದರು. ಅವರು ಸ್ವಲ್ಪ ಹೊತ್ತು ನಿಂತು ಕೇಳಿದರು. ಆಮೇಲೆ ಮೇಜಿನ ಮೇಲಿದ್ದ ರುಮಾಲು ತೆಗೆದುಕೊಂಡು, ನನ್ನ ಪಕ್ಕದಿಂದಲೇ ಹಾದು, ನನ್ನನ್ನು ನೋಡದೆ ಓಣಿಗೆ ಇಳಿದರು. ನಾನು ಒಳಗೆ ಹೋದೆ. ಸಾಕು ಎಂದು ಅವರು ಹೇಳಿರಲಿಲ್ಲ. ಮಕ್ಕಳು ಹೇಳುತ್ತಲೇ ಇದ್ದರು.